ಅಜ್ಜನ ಕಾಲದ ಹಂಚಿನ ಕಾರ್ಖಾನೆಯಲ್ಲಿ ಮನೆ ಮಾಡಿಕೊಳ್ಳಬಹುದಾ?

ಹೊಳೆಬದಿಯವ:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮಂಗಳೂರಿನ ಹೊರಗೆ, ನೇತ್ರಾವತಿ ದಡದಲ್ಲಿ, ಅಜ್ಜನ ಕಾಲದ ಒಂದು ಹಂಚಿನ ಕಾರ್ಖಾನೆ ಇದೆ. ಇದೆ ಅನ್ನೋದಕ್ಕಿಂತ ಹೇಗೋ ನಿಂತಿದೆ ಅನ್ನಬೇಕು. ಭಟ್ಟಿ ಆರಿ ಇಪ್ಪತ್ತು ವರ್ಷ ದಾಟಿತು. ಮಣ್ಣು ಸಿಗದಾಯಿತು, ಸೌದೆ ದುಬಾರಿ ಆಯಿತು, ಊರವರೆಲ್ಲ ತಾರಸಿ ಮನೆ ಕಟ್ಟತೊಡಗಿದರು, ಕತೆ ಮುಗಿಯಿತು. ಈಗ ಅದು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಸೇರಿ ನಾವು ಐದು ಜನರ ಹೆಸರಲ್ಲಿದೆ. ಮೂವರಿಗೆ ಮಾರುವ ಮನಸ್ಸು. ಅಪಾರ್ಟ್‌ಮೆಂಟ್ ಕಟ್ಟುವವರು ಆಗಲೇ ಎರಡು ಸಲ ಬಂದು ಟೇಪು ಹಿಡಿದು ಹೋಗಿದ್ದಾರೆ.

ನನ್ನ ತಲೆಗೆ ಬೇರೆ ಹುಳ ಹೊಕ್ಕಿದೆ. ಹಂಚು ಒಣಗಿಸುವ ಶೆಡ್ಡು 180 ಅಡಿ ಉದ್ದ, 60 ಅಡಿ ಅಗಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕಂಬ, ಮೇಲೆ ಮರದ ಅಟ್ಟ, ಅದರ ಮೇಲೆ ಹಂಚಿನ ಮಾಡು. ಪಡುವಣ ಮೂಲೆಯಲ್ಲಿ ಮಾಡು ಕುಸಿದಿದೆ. ಪಕ್ಕದಲ್ಲಿ ಭಟ್ಟಿ, ಅದರಾಚೆ ಚಿಮಣಿ. ಭಟ್ಟಿಯ ತಲೆಯ ಮೇಲೆ ಅಶ್ವತ್ಥದ ಗಿಡ ಹುಟ್ಟಿ ಈಗ ಮರವೇ ಆಗಿದೆ. ಕಳೆದ ತಿಂಗಳು ಒಂದು ಬೆಳಗ್ಗೆ ಒಳಗೆ ಹೋದಾಗ, ಮಾಡಿನ ನಡುವೆ ಅಲ್ಲಲ್ಲಿ ಹಾಕಿದ ಗಾಜಿನ ಹಂಚುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದು, ಮಾರಾಟವಾಗದೆ ಉಳಿದ ಹಂಚಿನ ರಾಶಿಯ ಮೇಲೆ ಬಿದ್ದಿತ್ತು. ಒಂದನ್ನು ಎತ್ತಿ ಧೂಳು ಒರೆಸಿದೆ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ. ಅದರ ಪಕ್ಕ ಯಾರದೋ ಹೆಬ್ಬೆರಳ ಗುರುತು. ಹಸಿ ಮಣ್ಣಲ್ಲಿ ಒತ್ತಿದ್ದು ಹಾಗೇ ಸುಟ್ಟುಹೋಗಿದೆ. ಅವತ್ತಿನಿಂದ ಇದನ್ನು ಕೆಡವಿಸಲು ಮನಸ್ಸು ಬರುತ್ತಿಲ್ಲ.

ನಾನು, ಹೆಂಡತಿ, ಮಗಳು, ಅಪ್ಪ ಅಮ್ಮ ಅಲ್ಲೇ ಇರಬಹುದಾ? ಆಮೇಲೆ ಇನ್ನೆರಡು ಮೂರು ಮನೆ ಮಾಡಿ ಬಾಡಿಗೆಗೆ ಕೊಡಬಹುದಾ? ಮಳೆನೀರು, ಸೋಲಾರ್, ಕಡಿಮೆ ಸಿಮೆಂಟು, ಇದೆಲ್ಲ ಆಸೆ. ಭಟ್ಟಿಯೊಳಗಿನ ಕಮಾನಿನ ಕೋಣೆಗಳನ್ನು ಮಲಗುವ ಕೋಣೆ ಮಾಡಿದರೆ ತಂಪಾಗಿರುತ್ತದಾ? ಹೊಸ ಮನೆಗಿಂತ ಇದು ಅಗ್ಗವಾ? ಹೆಂಡತಿ ಹುಚ್ಚು ಅನ್ನುತ್ತಿದ್ದಾಳೆ, ಅದನ್ನು ಯಾರೂ ಇಲ್ಲಿ ಮತ್ತೆ ಹೇಳಬೇಕಾಗಿಲ್ಲ :)


ಮುರಕಲ್ಲು:

ಹುಚ್ಚು ಅಂತ ನಾನಂತೂ ಹೇಳಲ್ಲ. ಸಿವಿಲ್ ಓದಿ, ಕರಾವಳಿಯ ಹಳೇ ಮನೆಗಳ ರಿಪೇರಿಯಲ್ಲೇ ಹೊಟ್ಟೆ ಹೊರೆಯುವವನು ನಾನು. ಆದರೆ ನೀವು ಪ್ರಶ್ನೆಗಳನ್ನು ತಲೆಕೆಳಗಾಗಿ ಕೇಳಿದ್ದೀರಿ. ಮಲಗುವ ಕೋಣೆ ಕೊನೆಗೆ. ಮೊದಲು ಕಾಗದ, ಆಮೇಲೆ ಮಾಡು.

ಕಾಗದ ಬೇಗ ಮುಗಿಸುತ್ತೇನೆ. 1865ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದಾಗಿನಿಂದ ನಮ್ಮ ಹಂಚಿನ ಕಾರ್ಖಾನೆಗಳು ಹೆಚ್ಚಾಗಿ ಹೊಳೆ ಬದಿಗೇ. ಮಣ್ಣು ದೋಣಿಯಲ್ಲಿ ಬರಬೇಕು, ಹಂಚು ಮಂಜಿಯಲ್ಲಿ (ಸರಕಿನ ಹಾಯಿಹಡಗಲ್ಲಿ) ಹೋಗಬೇಕು, ಅದಕ್ಕೆ. ಹಾಗಾಗಿ ನಿಮ್ಮ ಜಾಗ ಸಿಆರ್‌ಝಡ್, ಅಂದರೆ ಕಟ್ಟಡಕ್ಕೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯದ ಗೆರೆಯ ಒಳಗಾ ಹೊರಗಾ ನೋಡಿಸಿ. ಭೂ ಪರಿವರ್ತನೆ ಕೈಗಾರಿಕೆಗೆ ಅಂತ ಆಗಿದ್ದರೆ ವಾಸಕ್ಕೆ ಬದಲಾಯಿಸಿಕೊಳ್ಳಬೇಕು. ಐದು ಜನರ ಸಹಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯಬೇಡಿ.

ಈಗ ಮಾಡು. ನೀವು ಹೇಳಿದ ಅಳತೆಗೆ ಇಳಿಜಾರು ಸೇರಿಸಿ ಲೆಕ್ಕ ಹಾಕಿದರೆ 12,000 ಚದರಡಿ ಮೇಲಾಗುತ್ತದೆ. ನೂರು ಚದರಡಿಗೆ ಸುಮಾರು 140-150 ಹಂಚು. ಅಂದರೆ ನಿಮ್ಮ ತಲೆಯ ಮೇಲೆ ಹದಿನೆಂಟು ಸಾವಿರ ಹಂಚು ಕೂತಿವೆ. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೆ 45 ಟನ್, ಮಳೆಗೆ ನೆನೆದಾಗ ಇನ್ನೂ ಜಾಸ್ತಿ. ಇಷ್ಟು ಭಾರ ಯಾಕೆ, ಶೀಟ್ ಹಾಕಿಬಿಡೋಣ ಅಂತ ಯಾರಾದರೂ ಬಂದೇ ಬರುತ್ತಾರೆ. ಬೇಡ. ಆ ಭಾರವೇ ಮಾಡನ್ನು ಗಾಳಿಗೆ ಹಾರದ ಹಾಗೆ ಹಿಡಿದಿರೋದು. ಶೀಟ್ ಹಾಕಿದರೆ ಮುರಕಲ್ಲಿನ ಕಂಬದ ತಲೆಗೆ ಬೋಲ್ಟು ಹಾಕಿ ಕಟ್ಟಬೇಕು, ಆ ಕಂಬ ಅದನ್ನು ತಡೆಯಲ್ಲ. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲ್ಲ.

ಒಂದು ಉದ್ದದ ಸ್ಕ್ರೂಡ್ರೈವರ್ ತಗೊಂಡು ಹೋಗಿ. ಪಕ್ಕಾಸು (ಮಾಡಿನ ಇಳಿಜಾರಿನ ಮರ), ತೊಲೆ, ಎಲ್ಲದರ ತುದಿಗೆ ಚುಚ್ಚಿ. ನಡುವೆ ಚುಚ್ಚಿದರೆ ಏನೂ ಗೊತ್ತಾಗಲ್ಲ, ಮರ ಸಾಯೋದು ಗೋಡೆಯೊಳಗೆ ಕೂತ ತುದಿಯಲ್ಲಿ. ಆ ಕಾಲದವರು ತೇಗ, ಬೋಗಿ, ಹೆಬ್ಬಲಸು ಹಾಕಿರುತ್ತಾರೆ. ನಡುವಿನ ಭಾಗ ಇನ್ನೂ ಕಬ್ಬಿಣದ ಹಾಗಿರುತ್ತದೆ. ಕೊಳೆತ ತುದಿ ಮಾತ್ರ ಕತ್ತರಿಸಿ ಹೊಸ ಮರ ಜೋಡಿಸುವ ಆಚಾರಿಗಳು ಈಗಲೂ ಇದ್ದಾರೆ. ಹಂಚು ಕೂರುವ ರೀಪು ಪಟ್ಟಿ ಪೂರ್ತಿ ಹೊಸದು ಹಾಕಿ, ಅದರಲ್ಲಿ ಜಿಪುಣತನ ಬೇಡ.

ಕಂಬಗಳಿಗೆ ಸಿಮೆಂಟ್ ಗಿಲಾಯಿ ಮಾಡಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಮಾಡಿಸುತ್ತಾರೆ. ಮುರಕಲ್ಲು ನೆಲದ ನೀರು ಎಳೆಯುತ್ತದೆ, ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಕಲ್ಲು ಹಿಟ್ಟಾಗುತ್ತದೆ. ಸುಣ್ಣದ ಗಾರೆಯೇ ಸರಿ.

ಭಟ್ಟಿಯಲ್ಲಿ ಮಲಗುವ ಆಸೆ ಬಿಡಿ. ಏಪ್ರಿಲ್‌ನಲ್ಲಿ ಹೋಗಿ ನೋಡಿ ತಂಪು ಅಂತ ಮರುಳಾಗಿದ್ದೀರಿ, ಜುಲೈನಲ್ಲಿ ಹೋಗಿ ನೋಡಿ. ಗೋಡೆ ಮೂರು ನಾಲ್ಕು ಅಡಿ ದಪ್ಪ, ಕಿಟಕಿ ಇಲ್ಲ, ವರ್ಷಾನುಗಟ್ಟಲೆ ಬೆಂಕಿ ತಿಂದ ಇಟ್ಟಿಗೆಯಲ್ಲಿ ಉಪ್ಪು ತುಂಬಿರುತ್ತದೆ. ಚಾಪೆಗೆ ಮೂರು ದಿನದಲ್ಲಿ ಬೂಷ್ಟು ಬರುತ್ತದೆ. ಕಿಟಕಿ ಒಡೆಯೋಣ ಅಂದರೆ ಕಮಾನು ನಿಂತಿರೋದೇ ಪಕ್ಕದ ಗೋಡೆಯ ತೂಕದ ಮೇಲೆ. ಕಮಾನುಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಒಂದನ್ನು ಮುಟ್ಟಿದರೆ ಅದು ಪಕ್ಕದ್ದನ್ನು ಕೇಳುತ್ತದೆ. ಭಟ್ಟಿ ಹಾಗೇ ಇರಲಿ, ಮಗಳು ಆಡಿಕೊಳ್ಳಲಿ. ಅಶ್ವತ್ಥವನ್ನು ಕಿತ್ತು ಎಳೆಯಬೇಡಿ, ಬೇರಿನ ಜೊತೆ ಅರ್ಧ ಕಮಾನು ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದ ಹಾಗೆ ಮತ್ತೆ ಮತ್ತೆ ಕತ್ತರಿಸಿ ಸಾಯಿಸಿ.

ವಾಸ ಎಲ್ಲಿ ಅಂತೀರಾ? ಆ ದೊಡ್ಡ ಮಾಡನ್ನು ಕೊಡೆ ಅಂದುಕೊಳ್ಳಿ. ಅದರ ಅಡಿಯಲ್ಲಿ, ಕಂಬಗಳಿಗೆ ತಾಗದ ಹಾಗೆ, ಸಣ್ಣದೊಂದು ಮನೆ ಕಟ್ಟಿ. 1,200 ಚದರಡಿ ಸಾಕು. ಮಳೆ ಬಿಸಿಲು ತಾಗದ ಮನೆಗೆ ದಪ್ಪ ಗೋಡೆ ಬೇಡ, ಸ್ಲ್ಯಾಬೂ ಬೇಡ. ತೆಳ್ಳಗಿನ ಗೋಡೆ, ಮೇಲೆ ಮರದ ಮುಚ್ಚಿಗೆ. ಸೆಕೆಗೆ ಎಸಿ ಬೇಕು ಅನ್ನಿಸಿದರೂ ಆ ಪುಟ್ಟ ಕೋಣೆ ಮಾತ್ರ ತಂಪು ಮಾಡಿದರಾಯಿತು. 180 ಅಡಿ ಶೆಡ್ಡನ್ನೇ ಮನೆ ಮಾಡಲು ಹೋದರೆ ಹಂಚಿನ ಸಂದಿಯಿಂದ ತಂಪೆಲ್ಲ ಆಕಾಶಕ್ಕೆ, ಮೇಲಿಂದ ಬಾವಲಿ ಹಿಕ್ಕೆ ಸಾರಿಗೆ.

ನೀರಿನ ಲೆಕ್ಕ ಕೇಳಿದರೆ ನಿಮ್ಮ ಹೆಂಡತಿಯೂ ಸ್ವಲ್ಪ ಮೆತ್ತಗಾಗಬಹುದು. ಮಾಡಿನ ನೆರಳು ಸುಮಾರು 1,000 ಚದರ ಮೀಟರ್. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ಮೇಲೆ ಮಳೆ. ಸೋರಿದ್ದು ಚೆಲ್ಲಿದ್ದು ಬಿಟ್ಟರೂ 28 ಲಕ್ಷ ಲೀಟರ್. ಐದು ಜನಕ್ಕೆ ದಿನಕ್ಕೆ ತಲಾ 135 ಲೀಟರ್ ಹಿಡಿದರೆ ವರ್ಷಕ್ಕೆ ಎರಡೂವರೆ ಲಕ್ಷ ಸಾಕು. ಕಷ್ಟ ಇರೋದು ಫೆಬ್ರವರಿಯಿಂದ ಮೇ, 120 ದಿನ. ಅದಕ್ಕೆ 81,000 ಲೀಟರ್ ಕೂಡಿಡಬೇಕು. ಮಣ್ಣು ನೆನೆಹಾಕುತ್ತಿದ್ದ ಹೊಂಡ ಇದ್ದೇ ಇರುತ್ತದಲ್ವಾ? 20 ಅಡಿಗೆ 15 ಅಡಿ, 10 ಅಡಿ ಆಳ ಇದ್ದರೆ ಮುಗಿಯಿತು.

ಅಗ್ಗವಾ ಅಂದರೆ, ಬೇರೆಲ್ಲೋ ಅಷ್ಟೇ ಸಣ್ಣ ಹೊಸ ಮನೆ ಕಟ್ಟುವುದಕ್ಕಿಂತ ಅಗ್ಗ ಆಗಲ್ಲ. ಮಾಡಿನ ಖರ್ಚೇ ಮನೆಯ ಖರ್ಚನ್ನು ಮೀರಬಹುದು. ಆದರೆ ಸಿಮೆಂಟು ಕಬ್ಬಿಣ ಹೆಚ್ಚು ಬೇಡ, ಕೂಲಿಯೇ ಜಾಸ್ತಿ. ದುಡ್ಡು ಊರವರ ಕೈಗೆ ಹೋಗುತ್ತದೆ.


ಸೀದಾಮಾತು:

ಎಲ್ಲ ಚೆನ್ನಾಗಿ ಹೇಳಿದ್ದೀರಿ. ನಾನು ಉಲ್ಟಾ ಹೇಳುತ್ತೇನೆ. ತೊಲೆ, ಪಕ್ಕಾಸು, ಹಂಚು ಬಿಚ್ಚಿ ಮಾರಿ. ಹಳೇ ಬೋಗಿ ಮರಕ್ಕೆ ಇವತ್ತು ಎಂಥ ಬೆಲೆ ಗೊತ್ತಲ್ಲ. ಆ ದುಡ್ಡಲ್ಲಿ ಪಾಲುದಾರರನ್ನು ಸುಮ್ನೆ ಮಾಡಿ, ಉಳಿದ ಮುರಕಲ್ಲಲ್ಲೇ ಒಂದು ಮನೆ ಕಟ್ಟಿಕೊಳ್ಳಿ. ಅದೂ ಮರುಬಳಕೆಯೇ ಅಲ್ವಾ?

ಇನ್ನೊಂದು ವಿಷಯ. ಈ ಕಾರ್ಖಾನೆಗಳ ಬಗ್ಗೆ ಎಲ್ಲರೂ ಕಣ್ಣೀರು ಹಾಕುತ್ತಾರೆ. ಭಟ್ಟಿಗೆ ಹೋದ ಸೌದೆ ಎಲ್ಲಿಂದ ಬಂತು? ಘಟ್ಟದ ಕಾಡಿಂದ. ಮಣ್ಣು? ಬಯಲಿನ ಗದ್ದೆಯಿಂದ. ನಮ್ಮ ಮನೆ ಹತ್ತಿರದ ಎರಡು ಗದ್ದೆ ಇವತ್ತಿಗೂ ಕೆರೆಯ ಹಾಗಿವೆ. ಇದಕ್ಕೆ ಈಗ ಪರಿಸರ ಅಂತ ಹೆಸರು ಹಾಕುವಾಗ ನಗು ಬರುತ್ತದೆ.


ಮುರಕಲ್ಲು:

ಸೌದೆಯ ಮಾತು ನೂರಕ್ಕೆ ನೂರು ನಿಜ. ಅದಕ್ಕೇ ನಾನು ಬಿಚ್ಚಬೇಡಿ ಅನ್ನೋದು. ಸುಟ್ಟ ಕಾಡು ಆ ಹದಿನೆಂಟು ಸಾವಿರ ಹಂಚಿನೊಳಗೆ ಕೂತಿದೆ. ಬಿಚ್ಚುವಾಗ ಎಷ್ಟು ಒಡೆಯುತ್ತವೆ ಅಂತ ಒಂದು ಸಲ ನಿಂತು ನೋಡಿ. ಆ ಮಾಡು ಇನ್ನೊಂದು ಐವತ್ತು ವರ್ಷ ನೆರಳು ಕೊಡಲಿ.


ಗಿರಣಿಮನೆ:

ಧಾರವಾಡದವ, ಈಗ ಮ್ಯಾಂಚೆಸ್ಟರ್‌ನ ಆಂಕೋಟ್ಸ್‌ನಲ್ಲಿ ಒಂದು ಹಳೇ ಹತ್ತಿ ಗಿರಣಿಯ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, 1861ರಿಂದ 65ರವರೆಗೆ, ಅಲ್ಲಿನ ಹತ್ತಿ ನಿಂತುಹೋದಾಗ ನಮ್ಮ ಕಡೆಯ ಹತ್ತಿ ಲ್ಯಾಂಕಶೈರ್‌ಗೆ ಬರುತ್ತಿತ್ತು. ಈಗ ನಾನು ಬಂದಿದ್ದೇನೆ, ಇರಲಿ.

ಇದ್ದು ನೋಡಿದವನ ಅನುಭವ ಹೇಳುತ್ತೇನೆ. ಈ ಓಣಿಯ ಗಿರಣಿಗಳಲ್ಲಿ ಕೆಲವು ಇನ್ನೂರು ವರ್ಷ ದಾಟಿದವು, ಮರ್ರೇಸ್ ಮಿಲ್ಸ್ ಶುರುವಾಗಿದ್ದು 1798ರಲ್ಲಿ. ಕರೆಂಟ್ ಇಲ್ಲದ ಕಾಲ, ಅದಕ್ಕೆ ಕಿಟಕಿ ಸಾಲುಸಾಲು. ಫೋಟೋದಲ್ಲಿ ಬಹಳ ಚಂದ. ಒಳಗೆ ಕೂತವನಿಗೆ ಜನವರಿಯಲ್ಲಿ ಗೊತ್ತಾಗುತ್ತದೆ. ನಮ್ಮ ಕಟ್ಟಡ ಸಂರಕ್ಷಿತ, ಹಳೇ ಕಿಟಕಿ ಬದಲಾಯಿಸುವ ಹಾಗಿಲ್ಲ. ಒಳಗಿನಿಂದ ಇನ್ನೊಂದು ಗಾಜಿನ ಬಾಗಿಲು ಹಾಕಿದ್ದಾರೆ, ಎರಡರ ನಡುವೆ ಸತ್ತ ನೊಣ ಬೀಳುತ್ತವೆ, ತೆಗೆಯಲು ಆಗಲ್ಲ. ಹಾಲ್‌ನ ನಡುವೆ ಎರಕದ ಕಬ್ಬಿಣದ ಕಂಬ ಒಂದಿದೆ, ಕೆಳಗಿಂದ ಮೇಲಿನವರೆಗೆ ಎಲ್ಲ ಮನೆ ಹಾಯ್ದು ಹೋಗುತ್ತದೆ. ಕೆಳಗಿನವರು ತೊಳೆಯುವ ಮಷಿನ್ ಹಾಕಿದರೆ ನಮ್ಮ ಕಂಬ ಗುಂಯ್‌ಗುಡುತ್ತದೆ. ಗಿರಣಿಯ ಅಗಲ ಜಾಸ್ತಿ, ಹಾಗಾಗಿ ನಡುವಿನ ಭಾಗಕ್ಕೆ ಬೆಳಕೇ ಇಲ್ಲ. ಬಚ್ಚಲು, ಕಪಾಟು ಎಲ್ಲ ಅಲ್ಲಿ. ನಿಮ್ಮ ಶೆಡ್ಡೂ 60 ಅಡಿ ಅಗಲ, ಮೂರು ನಾಲ್ಕು ಮನೆ ಮಾಡುವಾಗ ಇದು ನೆನಪಿರಲಿ. ನಿಮಗೆ ಮೇಲೆ ಗಾಜಿನ ಹಂಚಿದೆ, ಪುಣ್ಯವಂತರು.

ಮುರಕಲ್ಲು ಹೇಳಿದ ಮನೆಯೊಳಗೆ ಮನೆ ನನಗೂ ಸರಿ ಅನ್ನಿಸಿತು. ಅದರ ಉಲ್ಟಾ ಮಾಡಿದ್ದೂ ಇದೆ. ಕೋಪನ್‌ಹೇಗನ್‌ನಲ್ಲಿ ಹಳೇ ಧಾನ್ಯದ ಸೈಲೋ ಒಂದನ್ನು 2017ರಲ್ಲಿ 38 ಮನೆ ಮಾಡಿದರು. 17 ಅಂತಸ್ತು. ಒಳಗಿನ ಕಾಂಕ್ರೀಟ್ ಒರಟಾಗಿ ಹಾಗೇ ಬಿಟ್ಟು, ಚಳಿ ತಡೆಯುವ ಪದರವನ್ನೆಲ್ಲ ಹೊರಗಡೆ ಹಾಕಿ ಮೇಲೆ ಉಕ್ಕಿನ ಅಂಗಿ ತೊಡಿಸಿದರು. ಅಲ್ಲಿನ ಹವೆಗೆ ಅದು ಸರಿ. ನಿಮಗೆ ಚಳಿಯೇ ಇಲ್ಲ, ಗಾಳಿಯಾಡಿದರೆ ಸಾಕು.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ಗ್ಯಾಸ್ ತೊಟ್ಟಿಗಳ ಕಬ್ಬಿಣದ ಪಂಜರವನ್ನು ಬಿಚ್ಚಿ, ಯಾರ್ಕ್‌ಶೈರ್‌ಗೆ ಒಯ್ದು ತಿಕ್ಕಿ ಬಣ್ಣ ಹೊಡೆದು, ವಾಪಸ್ ತಂದು ನಿಲ್ಲಿಸಿ, ಅದರೊಳಗೆ 145 ಫ್ಲ್ಯಾಟ್ ಹೊಸದಾಗಿ ಕಟ್ಟಿದ್ದಾರೆ. ನೋಡಲು ಹೋಗಿದ್ದೆ. ಭರ್ಜರಿಯಾಗಿದೆ. ಆದರೆ ಅಲ್ಲಿ ಹಳೇದು ಅಂದರೆ ಆ ಪಂಜರ ಮಾತ್ರ, ಅದನ್ನು ಉಳಿತಾಯದ ಲೆಕ್ಕಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ.


ಪರೇಲ್‌ಪುಟ್ಟ:

ಮುಂಬೈಯಿಂದ ಒಂದು ಸಣ್ಣ ಮಾತು. ಅಪ್ಪ ಇಲ್ಲಿ ಗಿರಣಿಯಲ್ಲಿದ್ದರು, 1982ರ ಮುಷ್ಕರದವರೆಗೆ. ಆಮೇಲೆ 1991ರ ನಿಯಮ ಬಂತು. ಗಿರಣಿ ಜಾಗದಲ್ಲಿ ಮೂರನೇ ಒಂದು ಭಾಗ ಪಾಲಿಕೆಗೆ, ಇನ್ನೊಂದು ಸರ್ಕಾರದ ವಸತಿಗೆ, ಉಳಿದದ್ದು ಮಾಲೀಕರಿಗೆ ಅಂತ. 2001ರಲ್ಲಿ ಅದನ್ನು ತಿದ್ದಿ, ಖಾಲಿ ಜಾಗಕ್ಕೆ ಮಾತ್ರ ಲೆಕ್ಕ ಅಂದರು. ಖಾಲಿ ಜಾಗ ಎಷ್ಟು ಇರುತ್ತೆ ಹೇಳಿ, ಎಲ್ಲ ಕಡೆ ಶೆಡ್ಡೇ. ಈಗ ನೋಡಿದರೆ ಮಾಲು, ಟವರು, ನಡುವೆ ಎಲ್ಲೋ ಒಂದು ಚಿಮಣಿ ಉಳಿಸಿ ಲೈಟು ಹಾಕಿದ್ದಾರೆ. ನಿಮ್ಮ ಪಾಲುದಾರರ ಹತ್ತಿರ ಬಿಲ್ಡರ್ ಬಂದು "ಚಿಮಣಿ ಉಳಿಸುತ್ತೇವೆ ಸಾರ್" ಅಂದರೆ ಅದೇ ಮಾತು ಅಂತ ತಿಳಿದುಕೊಳ್ಳಿ. ಬೆಂಗಳೂರಿನ ಬಿನ್ನಿ ಮಿಲ್ ಜಾಗದ ಕಡೆಗೂ ಒಮ್ಮೆ ಹೋಗಿ ಬನ್ನಿ.


ಅಟ್ಟದಮಗಳು:

ನನ್ನ ಅಮ್ಮ ಹಂಚಿನ ಕಾರ್ಖಾನೆಯಲ್ಲಿ ಹದಿನಾರು ವರ್ಷ ಕೆಲಸ ಮಾಡಿದವರು. ನಿಮ್ಮದಲ್ಲ, ಬೇರೆಯದು. ಆದರೆ ಎಲ್ಲ ಒಂದೇ ನಮೂನೆ. ನಿಮ್ಮ ಪೋಸ್ಟ್ ಓದಿ ಹೇಳಿದೆ. ಮೊದಲು ನಕ್ಕರು, ಆಮೇಲೆ ಒಂದೊಂದೇ ಹೇಳಿದರು, ಬರೆಯುತ್ತಿದ್ದೇನೆ.

ಅಟ್ಟದ ಹಲಗೆಗಳ ನಡುವೆ ಸಂದಿ ಇರುತ್ತದಂತೆ. ಅದು ಹಾಳಾಗಿ ಆದದ್ದಲ್ಲ, ಬೇಕಂತಲೇ ಬಿಟ್ಟದ್ದು. ಕೆಳಗಿನ ಬಿಸಿ ಮೇಲೆ ಬಂದು ಹಸಿ ಹಂಚು ಒಣಗಬೇಕಲ್ಲ. ಆದ್ದರಿಂದ ಅಟ್ಟವನ್ನು ಕೋಣೆ ಮಾಡಿದರೆ ಕೆಳಗಿನ ಅಡುಗೆಮನೆಯ ಹೊಗೆ, ಮಾತು, ಜಗಳ ಎಲ್ಲ ಮೇಲೆ. ಮಳೆಗಾಲದಲ್ಲಿ ಹೆಂಗಸರೆಲ್ಲ ಮಕ್ಕಳ ಬಟ್ಟೆ ತಂದು ಭಟ್ಟಿಯ ಮೇಲಿನ ಅಟ್ಟದಲ್ಲಿ ಹರವುತ್ತಿದ್ದರಂತೆ, ಮೇಸ್ತ್ರಿ ಬೈಯುವವರೆಗೆ. ನನ್ನ ಯೂನಿಫಾರ್ಮ್‌ಗೆ ಯಾವಾಗಲೂ ಸುಟ್ಟ ಮಣ್ಣಿನ ವಾಸನೆ ಇತ್ತು. ಯಾಕೆ ಅಂತ ಇವತ್ತು ಗೊತ್ತಾಯಿತು.

ಮುಖ್ಯವಾದದ್ದು ಇದು. ಭಟ್ಟಿಯಿಂದ ಚಿಮಣಿಗೆ ಹೊಗೆ ಹೋಗುವ ದಾರಿ ನೆಲದಡಿ ಇರುತ್ತದೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದೊಡ್ಡದು. ಮೇಲೆ ನೋಡಿದರೆ ಬರೀ ಅಂಗಳ. ಅಮ್ಮನ ಕಾರ್ಖಾನೆಯಲ್ಲಿ ಸೌದೆ ಲಾರಿಯ ಹಿಂದಿನ ಚಕ್ರ ಒಮ್ಮೆ ಅದರೊಳಗೆ ಇಳಿದು ಎರಡು ದಿನ ಅಲ್ಲೇ ನಿಂತಿತ್ತಂತೆ. ನೀವು ಮರಳು ಜಲ್ಲಿ ತರಿಸುವ ಮೊದಲು ಆ ದಾರಿ ಎಲ್ಲಿದೆ ಅಂತ ಹುಡುಕಿ ಸುಣ್ಣದಲ್ಲಿ ಗೆರೆ ಎಳೆಯಿರಿ. ಆ ದಾರಿಯ ಬಾಯಿ ಮುಚ್ಚುವ ಮುನ್ನ ಒಳಗೆ ಹಾವು ಇದೆಯಾ ನೋಡಿ.

ಮತ್ತೆ ನೆರೆ. 1974ರಲ್ಲಿ ನೇತ್ರಾವತಿ ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದ ಹಿರಿಯರನ್ನು ಕೇಳಿ. ಅದಕ್ಕಿಂತ ಹಿಂದಿನದು 1923ರದ್ದು, ಅದನ್ನು ಕಂಡವರು ಈಗ ಇರಲಾರರು. ಒಳಗಿನ ಮನೆಯ ನೆಲ ಆ ಗುರುತಿಗಿಂತ ಮೇಲಿರಲಿ.

ಆ ಹೆಬ್ಬೆರಳ ಗುರುತು ಇದೆಯಲ್ಲ, ಪ್ರೆಸ್ಸಿನಿಂದ ತೆಗೆದು ಅಂಚು ಸವರುವವರದ್ದು ಇರಬೇಕು ಅಂದರು ಅಮ್ಮ. ಆ ಕೆಲಸ ಹೆಚ್ಚಾಗಿ ಹೆಂಗಸರದ್ದೇ. ಬೆರಳು ಸಣ್ಣದಾ ದೊಡ್ಡದಾ ನೋಡಿ ಅಂದರು.


ಹೊಳೆಬದಿಯವ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಹೋಗಿದ್ದೆ. ಮಾರಬೇಕು ಅನ್ನುವ ದೊಡ್ಡಪ್ಪನ ಮಗನೂ ಬಂದಿದ್ದ, ನಾನು ಬಿದ್ದು ಕಾಲು ಮುರಿದುಕೊಳ್ಳುತ್ತೇನೆ ಅಂತ ನೋಡಲು.

ಪೂರ್ವದ ಕಡೆ ಎಲ್ಲ ಗಟ್ಟಿ. ಚುಚ್ಚಿದರೆ ಸ್ಕ್ರೂಡ್ರೈವರೇ ಜಾರುತ್ತದೆ. ಪಡುವಣದಲ್ಲಿ ಎರಡು ತೊಲೆಯ ತುದಿಗಳಿಗೆ ಹಿಡಿಯವರೆಗೆ ಇಳಿಯಿತು, ಎಳೆದರೆ ಕಾಫಿಪುಡಿಯಂಥದ್ದು ಉದುರಿತು. ಎರಡು ಕಂಬಕ್ಕೆ ಯಾವ ಕಾಲದಲ್ಲೋ ಸಿಮೆಂಟ್ ಬಳಿದಿದ್ದಾರೆ, ತಟ್ಟಿದರೆ ಟೊಳ್ಳು ಶಬ್ದ. ಮುರಕಲ್ಲು ಸಾರ್, ನೀವು ಹೇಳಿದ್ದು ಕಣ್ಣಾರೆ ಕಂಡೆ. ಮಣ್ಣಿನ ಹೊಂಡ ಇದೆ, ಅಳೆದೆ, 22 ಅಡಿಗೆ 14. ಆಳ ಗೊತ್ತಾಗಲಿಲ್ಲ, ಅರ್ಧ ಹೂಳು ತುಂಬಿ ಮೇಲೆ ಕೆಸುವಿನ ಗಿಡ.

ಮನೆಯಲ್ಲಿ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಈ ವರ್ಷ ಮನೆ ಮಾತಿಲ್ಲ. ಪಡುವಣದ ಎರಡು ತೊಲೆ, ರೀಪು, ಮತ್ತೆ ಇಡೀ ಮಾಡಿನ ಹಂಚು ಒಂದು ಸಲ ಕೈಯಾಡಿಸೋದು (ತೆಗೆದು, ಒಡೆದದ್ದು ಬದಲಿಸಿ, ಮತ್ತೆ ಸರಿಯಾಗಿ ಹೊದಿಸೋದು), ಅಷ್ಟೇ. ಬಿದ್ದ ಹಂಚಿಗೆ ಬದಲಿ ಅಲ್ಲೇ ರಾಶಿ ಇದೆ. ಉಳಿದ ನಾಲ್ವರು ಒಂದು ವರ್ಷ ಸಮಯ ಕೊಟ್ಟಿದ್ದಾರೆ. ಕೊಟ್ಟಿದ್ದಾರೆ ಅಂದರೆ, ಇಬ್ಬರು ಕೊಟ್ಟರು, ಒಬ್ಬ ಫೋನ್ ಎತ್ತಲಿಲ್ಲ, ಇನ್ನೊಬ್ಬ ಏನೂ ಹೇಳದೆ ಹೊರಡುವಾಗ ನಾಲ್ಕು ಹಂಚು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋದ.

ಹಂಚು ಕೈಯಾಡಿಸಲು ಇಷ್ಟು ಎತ್ತರಕ್ಕೆ ಹತ್ತಿ ಅಭ್ಯಾಸ ಇರುವವರು ಯಾರಾದರೂ ಗೊತ್ತಿದ್ದರೆ ಹೇಳಿ, ಮೇ ಒಳಗೆ ಮುಗಿಯಬೇಕು. ಅಟ್ಟದಮಗಳು ಅವರೇ, ಹೊಗೆ ದಾರಿ ಹುಡುಕಿದೆ, ಸಿಗಲಿಲ್ಲ. ಚಿಮಣಿ ಬುಡದಲ್ಲಿ ಒಂದು ಸಣ್ಣ ಬಾಗಿಲು ಇದೆ, ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. ನಿಮ್ಮ ಅಮ್ಮನಿಗೆ ಬರಲು ಆಗುತ್ತದಾ? ಕಾರು ಕಳಿಸುತ್ತೇನೆ. ಬೆರಳು ಸಣ್ಣದು ಅಂತ ಹೇಳಿ, ನನ್ನ ಕಿರುಬೆರಳು ಅದರಲ್ಲಿ ಸರಿಯಾಗಿ ಕೂತಿತು.